ಪ್ರಯಾಣದ ಕಾಗದವೂ ಒಂದು ಕರಾರು

ತಿಕೋಟಾ ಕಡೆಯ ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿರಿ. ಮಗ ನಾಳೆ ದುಬೈಗೆ ಹೊರಡಲಿದ್ದಾನೆ. ದ್ರಾಕ್ಷಿ ತೋಟದಿಂದ ಈ ವರ್ಷ ಬಂದ ಹಣ, ತಾಯಿಯ ಬಳೆ, ಚಾಚಾ ಕೊಟ್ಟ ಕೈಗಡ ಎಲ್ಲವೂ ಏಜೆಂಟನ ಕೈ ಸೇರಿವೆ. ಪೆಟ್ಟಿಗೆಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಒಣದ್ರಾಕ್ಷಿ ತುಂಬಿವೆ. ನೆರೆಹೊರೆಯವರು ಬಂದು ದುಆ ಮಾಡಿ ಹೋಗುತ್ತಿದ್ದಾರೆ. ಅಷ್ಟರಲ್ಲಿ ಹೈಸ್ಕೂಲಿಗೆ ಹೋಗುವ ತಂಗಿ ವೀಸಾದ ಹಾಳೆಯನ್ನು ಕೈಗೆತ್ತಿಕೊಂಡು ಓದುತ್ತಾಳೆ.

"ಅಬ್ಬಾ, ಇದರಾಗ ಕೆಲಸದ ವೀಸಾ ಅಂತ ಇಲ್ಲ. ಭೇಟಿ ವೀಸಾ, ಅರವತ್ತು ದಿನ ಅಂತ ಐತಿ."

"ಅಲ್ಲಿ ಹೋದ ಮ್ಯಾಲ ಬದಲಿ ಮಾಡಿ ಕೊಡ್ತಾರಂತ ಏಜೆಂಟ್ ಹೇಳ್ಯಾನ ಬೇಟಿ. ಅಲ್ಲಾಹ್ ಅದಾನ, ಚಿಂತಿ ಮಾಡಬ್ಯಾಡ."

ಅಲ್ಲಾಹನಿದ್ದಾನೆ ಎಂಬ ಆ ತಂದೆಯ ಮಾತು ಸತ್ಯ. ಆದರೆ ಆ ಮಾತು ಅಲ್ಲಿ ಬಳಕೆಯಾದ ಬಗೆ ಸರಿಯೇ? ಓದಬೇಕಾದ ಕಾಗದವನ್ನು ಓದದೆ, ಕೇಳಬೇಕಾದ ಪ್ರಶ್ನೆಯನ್ನು ಕೇಳದೆ, ಎಲ್ಲವನ್ನೂ ಅಲ್ಲಾಹನ ಹೆಸರಿನಲ್ಲಿ ಬಿಟ್ಟುಬಿಡುವುದನ್ನು ಇಸ್ಲಾಮ್ ತವಕ್ಕುಲ್ ಎಂದು ಕರೆಯುತ್ತದೆಯೇ? ವಿಜಯಪುರ ನಗರದಲ್ಲಾಗಲಿ, ಬಬಲೇಶ್ವರ ಮತ್ತು ತಿಕೋಟಾದ ಹಳ್ಳಿಗಳಲ್ಲಾಗಲಿ, ಉಮ್ರಾಕ್ಕೆ, ಹಜ್ಜಿಗೆ ಅಥವಾ ದುಡಿಮೆಗೆ ಹೊರಡುವವರಿರುವ ಪ್ರತಿಯೊಂದು ಮನೆಯಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ತವಕ್ಕುಲ್ ಎಂದರೇನು?

ಹಿಂದೆ ಯಮನಿನ ಕೆಲವು ಜನರು ಪ್ರಯಾಣದ ಬುತ್ತಿಯಿಲ್ಲದೆ ಹಜ್ಜಿಗೆ ಹೊರಡುತ್ತಿದ್ದರು. ತಾವು ಅಲ್ಲಾಹನ ಮೇಲೆ ಭರವಸೆಯಿಟ್ಟವರೆಂದು ಹೇಳಿಕೊಳ್ಳುತ್ತಿದ್ದರು. ಆದರೆ ಮಕ್ಕಾ ತಲುಪಿದ ಬಳಿಕ ಜನರ ಮುಂದೆ ಕೈಚಾಚುತ್ತಿದ್ದರು. ಸೂರಃ ಅಲ್ ಬಕರಃದ 197ನೇ ಸೂಕ್ತದಲ್ಲಿ ಪ್ರಯಾಣಕ್ಕೆ ಬುತ್ತಿ ಕಟ್ಟಿಕೊಳ್ಳುವಂತೆ ಬಂದಿರುವ ಆಜ್ಞೆಗೆ ಇದೇ ಹಿನ್ನೆಲೆಯೆಂದು ಹ. ಇಬ್ನು ಅಬ್ಬಾಸ್(ರ) ವಿವರಿಸಿರುವುದನ್ನು ಇಮಾಮ್ ಬುಖಾರಿಯವರು ದಾಖಲಿಸಿದ್ದಾರೆ. ಬುತ್ತಿಗಳಲ್ಲಿ ಅತ್ಯುತ್ತಮವಾದುದು ತಕ್ವಾ ಎಂಬುದನ್ನೂ ಅದೇ ಸೂಕ್ತ ಕಲಿಸುತ್ತದೆ. ಗಮನಿಸಿರಿ: ತಕ್ವಾವು ಬುತ್ತಿಯ ಬದಲಿಗೆ ಬಂದುದಲ್ಲ, ಬುತ್ತಿಯ ಜೊತೆಗೆ ಬಂದುದು.

ಹಿಜ್ರತ್‌ನ ಘಟನೆಯನ್ನು ನೋಡಿರಿ. ಪ್ರವಾದಿವರ್ಯರಿ(ಸ)ಗಿಂತ ಹೆಚ್ಚು ಅಲ್ಲಾಹನಲ್ಲಿ ಭರವಸೆಯಿಟ್ಟವರು ಯಾರಿದ್ದಾರೆ? ಆದರೂ ಆ ಪ್ರಯಾಣದ ಒಂದೊಂದು ಹೆಜ್ಜೆಯೂ ಯೋಜಿತವಾಗಿತ್ತು. ಹ. ಅಬೂಬಕ್ರ್(ರ) ತಿಂಗಳುಗಳ ಮೊದಲೇ ಎರಡು ಒಂಟೆಗಳನ್ನು ಮೇಯಿಸಿ ಸಿದ್ಧಪಡಿಸಿದ್ದರು. ಹ. ಅಸ್ಮಾ(ರ) ಬುತ್ತಿ ಕಟ್ಟಿದರು. ದಾರಿ ಬಲ್ಲ ಅಬ್ದುಲ್ಲಾ ಬಿನ್ ಉರೈಕಿತ್ ಎಂಬವನನ್ನು ಕೂಲಿಗೆ ಗೊತ್ತುಪಡಿಸಲಾಯಿತು. ಆತ ಆಗ ಮುಸ್ಲಿಮನೂ ಆಗಿರಲಿಲ್ಲ. ಆದರೆ ನಂಬಿಕಸ್ತನೂ ಕೆಲಸ ಬಲ್ಲವನೂ ಆಗಿದ್ದನು. ಮೂರು ರಾತ್ರಿಗಳ ಬಳಿಕ ಸೌರ್ ಗುಹೆಯ ಬಳಿ ಬರಬೇಕೆಂದು ಅವನಿಗೆ ದಿನವನ್ನೂ ನಿಗದಿಪಡಿಸಲಾಗಿತ್ತು. ಒಂಟೆಯನ್ನು ಕಟ್ಟಿದ ಬಳಿಕವೇ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂಬ ಪಾಠ ನಮ್ಮ ಮಕ್ಕಳಿಗೂ ಗೊತ್ತು. ಇಂದಿನ ಪ್ರಯಾಣಿಕನಿಗೆ ಒಂಟೆ ಕಟ್ಟುವುದೆಂದರೆ ತನ್ನ ಕಾಗದಪತ್ರಗಳನ್ನು ಸರಿಪಡಿಸಿಕೊಳ್ಳುವುದೇ ಆಗಿದೆ.

ಹುದೈಬಿಯಾ ಕಲಿಸುವ ಪಾಠ

ಆದರೆ ವೀಸಾ ಕೇವಲ ಬುತ್ತಿಯಲ್ಲ, ಅದು ಮಾತು ಕೊಟ್ಟ ಪತ್ರವೂ ಹೌದು. ಇದನ್ನು ತಿಳಿಯಲು ಹಿಜರಿ 6ನೇ ವರ್ಷಕ್ಕೆ ಹೋಗೋಣ. ಪ್ರವಾದಿವರ್ಯರು(ಸ) ಸುಮಾರು 1,400 ಸಂಗಾತಿಗಳೊಂದಿಗೆ ಇಹ್ರಾಮ್ ಧರಿಸಿ ಉಮ್ರಾಕ್ಕೆ ಹೊರಟಿದ್ದರು. ಹುದೈಬಿಯಾದಲ್ಲಿ ಕುರೈಶರು ತಡೆದರು. ಮಾತುಕತೆಯ ಕೊನೆಗೆ ಒಪ್ಪಂದವಾಯಿತು: ಈ ವರ್ಷ ಮರಳಿ ಹೋಗಬೇಕು, ಮುಂದಿನ ವರ್ಷ ಬರಬಹುದು, ಮೂರು ದಿನ ಮಾತ್ರ ತಂಗಬಹುದು, ಒರೆಯೊಳಗಿನ ಖಡ್ಗದ ಹೊರತು ಬೇರೆ ಆಯುಧ ತರಬಾರದು. ಸಂಗಾತಿಗಳ ಮನಸ್ಸಿಗೆ ಇದು ಬಹಳ ಕಹಿಯಾಗಿತ್ತು. ಕಅಬಾ ಅಷ್ಟು ಹತ್ತಿರದಲ್ಲಿತ್ತು. ಆದರೂ ಪ್ರವಾದಿವರ್ಯರು(ಸ) ಅಲ್ಲಿಯೇ ಬಲಿಯರ್ಪಿಸಿ, ತಲೆ ಬೋಳಿಸಿ, ಹಿಂದಿರುಗಿದರು.

ಮರುವರ್ಷ ಅವರು ಉಮ್ರಾಕ್ಕೆ ಬಂದರು. ಮೂರು ದಿನಗಳು ಮುಗಿದವು. ಅವಧಿ ತೀರಿತೆಂದು ಕುರೈಶರು ಹ. ಅಲೀ(ರ) ಅವರ ಮೂಲಕ ಹೇಳಿಕಳುಹಿಸಿದರು. ಪ್ರವಾದಿವರ್ಯರು(ಸ) ಮಕ್ಕಾದಿಂದ ಹೊರಟುಬಿಟ್ಟರು. ಅದು ಅವರ ಹುಟ್ಟೂರು. ಕಅಬಾ ಅಲ್ಲಾಹನ ಭವನ. ಅಲ್ಲಿ ಇನ್ನೊಂದು ದಿನ ನಿಲ್ಲಬೇಕೆಂಬ ಆಸೆ ಯಾರಿಗಿರುವುದಿಲ್ಲ? ಆದರೆ ಮೂರು ದಿನವೆಂದು ಮಾತು ಕೊಟ್ಟಾಗಿತ್ತು. ಆ ಮಾತು ಕೊಟ್ಟದ್ದು ವಿರೋಧಿಗಳಿಗೇ ಆಗಿದ್ದರೂ ಅದು ಮಾತೇ ಆಗಿತ್ತು.

ವಾಚಕರೇ, ಒಂದು ನಾಡಿಗೆ ಯಾವ ಉದ್ದೇಶಕ್ಕೆ, ಎಷ್ಟು ದಿನಕ್ಕೆ, ಯಾವ ಶರತ್ತಿನ ಮೇಲೆ ಪ್ರವೇಶ ಎಂಬುದನ್ನು ಬರೆದು ಒಪ್ಪಿಕೊಳ್ಳುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಮಾದರಿ ಬೇಕೇ? ಕರಾರುಗಳನ್ನು ಪೂರೈಸಿರೆಂದು ಸೂರಃ ಅಲ್ ಮಾಇದಃದ ಮೊದಲ ಸೂಕ್ತವೇ ಸತ್ಯವಿಶ್ವಾಸಿಗಳಿಗೆ ಆಜ್ಞಾಪಿಸುತ್ತದೆ. ವೀಸಾವು ಆ ನಾಡಿನೊಡನೆ ಮಾಡಿಕೊಂಡ ಕರಾರಿನಂತೆಯೇ ಎಂದು ಇಂದಿನ ಅನೇಕ ಉಲಮಾಗಳು ಅಭಿಪ್ರಾಯಪಟ್ಟಿದ್ದಾರೆ. ಆದ್ದರಿಂದ ಭೇಟಿಗೆಂದು ಹೇಳಿ ದುಡಿಯಲು ಇಳಿಯುವುದಾಗಲಿ, ದಿನ ತೀರಿದ ಮೇಲೆ ಅಡಗಿ ಉಳಿಯುವುದಾಗಲಿ ಕೇವಲ ಕಾನೂನಿನ ತಪ್ಪಲ್ಲ, ಅದು ವಚನಭಂಗ. ಹಲಾಲ್ ಸಂಪಾದನೆಗೆಂದು ಹೊರಟವನು ಮೊದಲ ಹೆಜ್ಜೆಯನ್ನೇ ಸುಳ್ಳಿನ ಮೇಲೆ ಇಟ್ಟರೆ ಬರಕತ್ ಎಲ್ಲಿಂದ ಬರಬೇಕು?

ನಮ್ಮ ಊರಿನ ಹಳೆಯ ನೆನಪು

ಪ್ರವೇಶದ ಪರವಾನಿಗೆ ಇಂದು ನಿನ್ನೆ ಹುಟ್ಟಿದ್ದಲ್ಲ. ಆದಿಲ್‌ಶಾಹಿಗಳ ಕಾಲದಲ್ಲಿ ನಮ್ಮ ವಿಜಯಪುರದ ಹಜ್ ಯಾತ್ರಿಕರು ಕೊಂಕಣದ ಬಂದರುಗಳಿಂದ ಹಡಗು ಹತ್ತಬೇಕಾಗಿತ್ತು. 1510ರಲ್ಲಿ ಗೋವಾ ಪೋರ್ಚುಗೀಸರ ವಶವಾಯಿತು. ಆ ಬಳಿಕ ದಾಭೋಳವು ಬಿಜಾಪುರದ ಮುಖ್ಯ ಬಂದರುಗಳಲ್ಲಿ ಒಂದಾಗಿತ್ತು. ಸಮುದ್ರದಲ್ಲಿ ಓಡಾಡುವ ಹಡಗುಗಳು 'ಕರ್ತಾಜ್' ಎಂಬ ಪರವಾನಿಗೆ ಪತ್ರವನ್ನು ಪಡೆಯಬೇಕೆಂದು ಪೋರ್ಚುಗೀಸರು ಬಲವಂತಪಡಿಸಿದ್ದರು. ಆ ಪತ್ರವಿಲ್ಲದ ಹಡಗನ್ನು ಹಿಡಿದು ಸರಕನ್ನು ವಶಪಡಿಸಿಕೊಳ್ಳುತ್ತಿದ್ದರು. ಹಜ್ಜಿಗೆ ಹೋಗುವ ಹಡಗಿಗೂ ಇದರಿಂದ ವಿನಾಯಿತಿಯಿರಲಿಲ್ಲ.

ದಾಭೋಳದ ಕಡಲತಡಿಯಲ್ಲಿ ಇಂದಿಗೂ ಒಂದು ಸುಂದರ ಮಸೀದಿಯಿದೆ. ಬಿಜಾಪುರದ ರಾಜಮನೆತನದ ಆಯಿಶಾ ಬೀಬಿ ಮಕ್ಕಾಕ್ಕೆ ಹೊರಟು ಅಲ್ಲಿಯವರೆಗೆ ಬಂದರೆಂದೂ, ಸಮುದ್ರಮಾರ್ಗವು ಸುರಕ್ಷಿತವಲ್ಲದ ಕಾರಣ ಮುಂದುವರಿಯಲಾಗದೆ, ಯಾತ್ರೆಗೆಂದು ತಂದ ಹಣದಿಂದ 1659ರ ಸುಮಾರಿಗೆ ಆ ಮಸೀದಿಯನ್ನು ಕಟ್ಟಿಸಿದರೆಂದೂ ಹೇಳಿಕೆಯಿದೆ. ರಾಜಮನೆತನದವರಿಗೂ ದಾರಿ ತೆರೆಯದಿದ್ದಾಗ ಹಿಂದಿರುಗಬೇಕಾಗಿ ಬಂತು. ಹಜ್ಜಿಗೆ ಸಾಮರ್ಥ್ಯವು ಶರತ್ತಾಗಿದೆ. ದಾರಿಯ ಸುರಕ್ಷಿತತೆಯನ್ನೂ ನಮ್ಮ ಫುಕಹಾಗಳು ಆ ಸಾಮರ್ಥ್ಯದಲ್ಲಿ ಸೇರಿಸಿದ್ದಾರೆ. ಇಂದು ದಾರಿ ಸುಲಭವಾಗಿದೆ. ಆ ಸೌಲಭ್ಯಕ್ಕೆ ಕೃತಜ್ಞತೆ ಸಲ್ಲಿಸುವ ಒಂದು ರೀತಿಯೆಂದರೆ ಅದರ ನಿಯಮಗಳನ್ನು ಅರಿತು ನಡೆಯುವುದು.

ಮೊದಲು ಪಾಸ್‌ಪೋರ್ಟ್

ಪಾಸ್‌ಪೋರ್ಟಿಗಾಗಿ ಬೆಂಗಳೂರು ಅಲೆಯುವ ಕಾಲ ಹೋಯಿತು. 2017ರಲ್ಲಿ ಮೈಸೂರಿನಿಂದ ಆರಂಭಿಸಿ ಅಂಚೆ ಕಚೇರಿಗಳಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ತೆರೆದವು. ಈಗ ವಿಜಯಪುರದಲ್ಲಿಯೇ ಅಂಥ ಕೇಂದ್ರವಿದೆ. ಆದರೆ ಹೊರಡುವ ದಿನ ಹತ್ತಿರ ಬಂದಾಗ ಓಡಾಡಬೇಡಿರಿ. ಪೊಲೀಸ್ ಪರಿಶೀಲನೆಗೆ ಸಮಯ ಬೇಕು. ಮೂರು ವಿಷಯಗಳನ್ನು ಮುಖ್ಯವಾಗಿ ನೋಡಿಕೊಳ್ಳಿರಿ.

ಒಂದು, ಹೆಸರು. ಶಾಲೆಯ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಇರುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ಒಬ್ಬರೇ ವ್ಯಕ್ತಿ ಎಂದು ನಿಮಗೆ ಗೊತ್ತು, ಗಡಿಯಲ್ಲಿ ಕುಳಿತ ಅಧಿಕಾರಿಗೆ ಗೊತ್ತಿಲ್ಲ. ಕುಟುಂಬದ ಹೆಸರಿನ ಜಾಗವನ್ನು ಖಾಲಿ ಬಿಟ್ಟು ಒಂದೇ ಪದದ ಹೆಸರು ಬರೆಸುವವರೂ ಇದ್ದಾರೆ. ಅಂಥವರಿಗೆ ಭೇಟಿ ವೀಸಾದ ಮೇಲೆ ಪ್ರವೇಶವಿಲ್ಲವೆಂದು ಯುಎಇ 2022ರ ನವೆಂಬರಿನಲ್ಲಿ ತಿಳಿಸಿತು. ಆ ಬಳಿಕ ತಂದೆಯ ಅಥವಾ ಮನೆತನದ ಹೆಸರು ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿದ್ದರೆ ಒಪ್ಪುವುದಾಗಿ ಸಡಿಲಿಸಿತು. ಆದ್ದರಿಂದ ಪಾಸ್‌ಪೋರ್ಟ್ ಮಾಡಿಸುವಾಗಲೇ ಎರಡೂ ಜಾಗಗಳನ್ನು ತುಂಬಿಸಿರಿ.

ಎರಡು, ಅವಧಿ. ಪಾಸ್‌ಪೋರ್ಟ್ ಇನ್ನೂ ಎರಡು ತಿಂಗಳು ನಡೆಯುತ್ತದಲ್ಲ ಎಂದು ಸುಮ್ಮನಿರಬೇಡಿರಿ. ಕೊಲ್ಲಿ ರಾಷ್ಟ್ರಗಳಿಗೆ ಹೋಗುವವರ ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕೆಂಬುದು ಸಾಮಾನ್ಯ ನಿಯಮ.

ಮೂರು, ಮಕ್ಕಳ ಜನನ ಪ್ರಮಾಣಪತ್ರ. 2023ರ ಅಕ್ಟೋಬರ್ 1 ಅಥವಾ ಅದರ ನಂತರ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟ್ ಮಾಡಿಸುವಾಗ ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರವೊಂದೇ ಪುರಾವೆಯೆಂದು 2025ರಲ್ಲಿ ನಿಯಮವಾಗಿದೆ. ಮಗುವಿಗೆ ಹೆಸರಿಟ್ಟ ಕೂಡಲೇ ಅದನ್ನು ದಾಖಲಿಸಿ ಪತ್ರ ಪಡೆದುಕೊಳ್ಳಿರಿ.

ವೀಸಾದಲ್ಲಿ ಓದಬೇಕಾದ ಐದು ಸಾಲುಗಳು

ವೀಸಾ ಕೈಗೆ ಬಂದ ದಿನವೇ ಮನೆಯವರೆಲ್ಲ ಕುಳಿತು ಓದಿರಿ. ನಿಮಗೆ ಇಂಗ್ಲಿಷ್ ಬಾರದಿದ್ದರೆ ಓದುವ ಮಗಳಿದ್ದಾಳೆ, ನೆರೆಮನೆಯ ಮೇಷ್ಟ್ರು ಇದ್ದಾರೆ, ಮಸೀದಿಯಲ್ಲಿ ಸಿಗುವ ವಿದ್ಯಾವಂತ ಯುವಕರಿದ್ದಾರೆ. ಓದಿಸಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ.

ಮೊದಲನೆಯದು, ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆ ಅಕ್ಷರಶಃ ಸರಿಯಾಗಿವೆಯೇ? ಎರಡನೆಯದು, ವೀಸಾದ ಬಗೆ ಯಾವುದು: ಉದ್ಯೋಗವೇ, ಭೇಟಿಯೇ, ಉಮ್ರಾವೇ, ಹಜ್ಜೇ? ಮೂರನೆಯದು, ಯಾವ ದಿನಾಂಕದೊಳಗೆ ಆ ನಾಡನ್ನು ಪ್ರವೇಶಿಸಬೇಕು? ನಾಲ್ಕನೆಯದು, ಪ್ರವೇಶಿಸಿದ ಬಳಿಕ ಎಷ್ಟು ದಿನ ಇರಬಹುದು? ಈ ಎರಡನ್ನು ಒಂದೇ ಎಂದು ತಿಳಿದು ಮೋಸಹೋಗುವವರು ಬಹಳ. ಐದನೆಯದು, ಒಮ್ಮೆ ಹೊರಬಂದರೆ ಅದೇ ವೀಸಾದಲ್ಲಿ ಮತ್ತೆ ಪ್ರವೇಶಿಸಬಹುದೇ ಇಲ್ಲವೇ?

ಉದ್ಯೋಗದ ವೀಸಾ ಆಗಿದ್ದರೆ ಇನ್ನೂ ಒಂದನ್ನು ನೋಡಿರಿ. ಯಾವ ಕೆಲಸವೆಂದು ಅದರಲ್ಲಿ ಬರೆದಿದೆ? ಚಾಲಕನೆಂದು ಮಾತಾಡಿ, ಮರುಭೂಮಿಯಲ್ಲಿ ಕುರಿ ಕಾಯುವವನೆಂದು ಬರೆದಿದ್ದರೆ, ಆ ನಾಡಿನಲ್ಲಿ ನಡೆಯುವುದು ಬರೆದ ಮಾತೇ ಹೊರತು ಆಡಿದ ಮಾತಲ್ಲ.

ದುಡಿಯಲು ಹೊರಟವರಿಗೆ

ಹತ್ತನೇ ತರಗತಿ ತೇರ್ಗಡೆಯಾಗದವರ ಪಾಸ್‌ಪೋರ್ಟಿನ ಮೇಲೆ ಸಾಮಾನ್ಯವಾಗಿ ವಲಸೆ ತಪಾಸಣೆ ಅಗತ್ಯವೆಂಬ ಮುದ್ರೆಯಿರುತ್ತದೆ. ಇಸಿಆರ್ ಎಂದು ಕರೆಯುವುದು ಇದನ್ನೇ. ಇಂಥವರು ಕೊಲ್ಲಿಯ ಆರು ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ 1983ರ ವಲಸೆ ಕಾಯ್ದೆಯ ಪ್ರಕಾರ ಸರಕಾರದ ಅನುಮತಿ ಪಡೆಯಬೇಕು. ಅನೇಕರು ಇದನ್ನು ತೊಡಕೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಇದು ರಕ್ಷಣೆ. ಅನುಮತಿ ಕೊಡುವ ಮುನ್ನ ಮಾಲೀಕ ಯಾರು, ಸಂಬಳ ಎಷ್ಟು, ಕರಾರು ಏನು ಎಂಬುದನ್ನು ಪರಿಶೀಲಿಸಲಾಗುತ್ತದೆ. ಪ್ರವಾಸಿ ಭಾರತೀಯ ವಿಮಾ ಯೋಜನೆಯೂ ಇದರೊಂದಿಗೆ ಬರುತ್ತದೆ. ಎರಡು ವರ್ಷಕ್ಕೆ 275 ರೂಪಾಯಿ ಕಂತು ಕಟ್ಟಿದರೆ, ಅಪಘಾತದಿಂದ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಸಂಭವಿಸಿದಾಗ 10 ಲಕ್ಷ ರೂಪಾಯಿಯ ರಕ್ಷಣೆಯಿದೆ.

ಭೇಟಿ ವೀಸಾದಲ್ಲಿ ಕಳುಹಿಸುವ ಏಜೆಂಟನು ತಪ್ಪಿಸುವುದು ಇದೇ ಪರಿಶೀಲನೆಯನ್ನು. ಆಗ ಆ ಯುವಕನ ಕೆಲಸಕ್ಕೆ, ಸಂಬಳಕ್ಕೆ, ಪ್ರಾಣಕ್ಕೆ ಯಾವ ದಾಖಲೆಯೂ ಉಳಿಯುವುದಿಲ್ಲ. ವಿದೇಶದ ಉದ್ಯೋಗಕ್ಕೆ ಜನರನ್ನು ಕಳುಹಿಸುವ ಏಜೆಂಟನು ಸರಕಾರದಲ್ಲಿ ನೋಂದಾಯಿತನಾಗಿರಬೇಕು. ನೋಂದಾಯಿತರ ಹೆಸರುಗಳನ್ನು ಸರಕಾರದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ಯಾರು ಬೇಕಾದರೂ ನೋಡಬಹುದು. ಅಂಥವನು ತನ್ನ ಸೇವೆಗೆ ಪಡೆಯಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿದರೆ, ರಸೀದಿ ಕೊಡಲು ಹಿಂಜರಿದರೆ, ಅಲ್ಲಿಗೇ ನಿಲ್ಲಿರಿ. ಅವನು ನಮ್ಮ ಜಮಾಅತಿನವನೇ, ನಮಾಝಿಯೇ, ಬಂಧುವೇ ಎಂಬುದು ರಸೀದಿಯ ಬದಲಿಗೆ ನಿಲ್ಲುವುದಿಲ್ಲ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಕುರ್‌ಆನ್ ಸತ್ಯವಿಶ್ವಾಸಿಗಳಿಗೇ ಆಜ್ಞಾಪಿಸಿದೆ. ಬರೆಯುವುದು ಅಪನಂಬಿಕೆಯ ಗುರುತಲ್ಲ, ನಂಬಿಕೆಯ ಕಾವಲು.

ನಮ್ಮ ನೆರೆಯ ಕಲಬುರಗಿ ಜಿಲ್ಲೆಯ ಮೂವರು ಯುವಕರ ಸಂಗತಿ 2024ರಲ್ಲಿ ನಾಡಿನಾದ್ಯಂತ ಸುದ್ದಿಯಾಯಿತು. ರಷ್ಯಾದಲ್ಲಿ ಸಹಾಯಕರ ಕೆಲಸವೆಂದು ನಂಬಿಸಿ ಅವರನ್ನು ಕರೆದೊಯ್ಯಲಾಗಿತ್ತು. ಅಲ್ಲಿ ತಮಗೆ ಓದಲು ಬಾರದ ಭಾಷೆಯ ಕರಾರಿಗೆ ಸಹಿ ಹಾಕಿ ಅವರು ಯುಕ್ರೇನ್ ಯುದ್ಧಭೂಮಿಯ ಪಾಲಾದರು. ಅದೇ ರೀತಿ ಹೋದ ಭಾರತೀಯರಲ್ಲಿ ಕೆಲವರು ಪ್ರಾಣ ಕಳೆದುಕೊಂಡರು. ಆ ಮೂವರು ಅಲ್ಲಾಹನ ಕೃಪೆಯಿಂದ ಅದೇ ವರ್ಷ ಸೆಪ್ಟೆಂಬರಿನಲ್ಲಿ ಜೀವಂತವಾಗಿ ಮನೆ ಸೇರಿದರು. ಮೋಸಹೋದವರನ್ನು ದೂಷಿಸಲು ಇದನ್ನು ಹೇಳುತ್ತಿಲ್ಲ. ಬಡತನವು ಮನುಷ್ಯನನ್ನು ಅವಸರಪಡಿಸುತ್ತದೆ. ಆದರೆ ಓದಲಾಗದ ಕಾಗದಕ್ಕೆ ಸಹಿ ಹಾಕಬೇಡವೆಂದು ನಮ್ಮ ಪ್ರತಿಯೊಂದು ಮಗುವಿಗೂ ಕಲಿಸಲೇಬೇಕು.

ಹಜ್ ಮತ್ತು ಉಮ್ರಾ

ಇಬಾದತ್‌ನ ಪ್ರಯಾಣದಲ್ಲಿ ನಮ್ಮ ಎಚ್ಚರ ಇನ್ನೂ ಹೆಚ್ಚಾಗಿರಬೇಕು. ಕೆಲವರು ಭೇಟಿ ವೀಸಾದಲ್ಲಿ ಮೊದಲೇ ಮಕ್ಕಾಕ್ಕೆ ಹೋಗಿ, ಅಡಗಿದ್ದು, ಹಜ್ ನಿರ್ವಹಿಸಿ ಬರುವ ದಾರಿಯನ್ನು ಜಾಣತನವೆಂದು ಹೇಳಿಕೊಡುತ್ತಾರೆ. 2024ರ ಹಜ್ಜನ್ನು ನೆನಪಿಸಿಕೊಳ್ಳಿರಿ. ಮಕ್ಕಾದಲ್ಲಿ ಬಿಸಿಲು 50 ಡಿಗ್ರಿಯನ್ನು ಮೀರಿತ್ತು. 1,301 ಮಂದಿ ಮರಣ ಹೊಂದಿದರೆಂದೂ, ಅವರಲ್ಲಿ ಶೇಕಡಾ 83ರಷ್ಟು ಜನ ಅನುಮತಿಯಿಲ್ಲದೆ ಬಂದವರೆಂದೂ ಸೌದಿ ಸರಕಾರ ತಿಳಿಸಿತು. ಅನುಮತಿಯಿಲ್ಲದವರಿಗೆ ಡೇರೆಯ ನೆರಳಿಲ್ಲ, ಬಸ್ಸಿಲ್ಲ. ಅವರು ಬಿಸಿಲಿನಲ್ಲಿ ಬಹುದೂರ ನಡೆದೇ ಸಾಗಬೇಕಾಯಿತು. ಅಲ್ಲಾಹನು ಅವರೆಲ್ಲರನ್ನು ಕ್ಷಮಿಸಲಿ. ಅನುಮತಿಯಿಲ್ಲದೆ ಹಜ್ಜಿಗೆ ಹೋಗುವುದು ಸಮ್ಮತವಲ್ಲ, ಹಾಗೆ ಹೋದವನು ಪಾಪಿಯಾಗುತ್ತಾನೆ ಎಂದು ಸೌದಿಯ ಹಿರಿಯ ವಿದ್ವಾಂಸರ ಮಂಡಳಿ ಅದೇ ವರ್ಷ ಹೇಳಿತ್ತು. 2025ರ ಹಜ್ಜಿಗೆ ಇಂಥವರಿಗೆ 20,000 ರಿಯಾಲ್‌ವರೆಗೆ ದಂಡವನ್ನೂ, ಅಕ್ರಮವಾಗಿ ಬಂದ ವಿದೇಶೀಯರಿಗೆ ಗಡೀಪಾರು ಮತ್ತು 10 ವರ್ಷ ಪ್ರವೇಶ ನಿಷೇಧವನ್ನೂ ಘೋಷಿಸಲಾಯಿತು.

ದಾರಿ ಸರಿಯಾಗಿದ್ದರೂ ಸಮಯ ತಪ್ಪಿದರೆ ಏನಾಗುತ್ತದೆಂಬುದನ್ನೂ 2025 ತೋರಿಸಿತು. ಭಾರತದ ಖಾಸಗಿ ಹಜ್ ತಂಡಗಳ ಪಾಲಿಗೆ ಬಂದಿದ್ದ ಸ್ಥಾನಗಳು ಸುಮಾರು 52,500. ಮಿನಾದ ಶಿಬಿರ, ವಸತಿ, ಸಾರಿಗೆಗಳ ಕರಾರುಗಳು ಗಡುವಿನೊಳಗೆ ಪೂರ್ಣಗೊಳ್ಳದ ಕಾರಣ ಅವುಗಳಲ್ಲಿ ಬಹುಪಾಲು ಕೈತಪ್ಪಿದವು. ಕೊನೆಗೆ 10,000 ಮಂದಿಗೆ ಮಾತ್ರ ಬಾಗಿಲು ಮತ್ತೆ ತೆರೆಯಿತು. ವರ್ಷಗಟ್ಟಲೆ ಹಣ ಕೂಡಿಟ್ಟ ಎಷ್ಟೋ ಮನೆಗಳಲ್ಲಿ ಇಹ್ರಾಮಿನ ಬಟ್ಟೆ ಪೆಟ್ಟಿಗೆಯಲ್ಲೇ ಉಳಿಯಿತು. ಆದ್ದರಿಂದ ಹಜ್ ಸಮಿತಿಯ ಮೂಲಕ ಹೋಗುವವರು ಅರ್ಜಿ, ಪಾಸ್‌ಪೋರ್ಟ್, ಕಂತುಗಳ ದಿನಾಂಕಗಳನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿರಿ. ಖಾಸಗಿ ತಂಡದೊಡನೆ ಹೋಗುವವರು ಆ ತಂಡಕ್ಕೆ ಆ ವರ್ಷದ ಮಾನ್ಯತೆಯಿದೆಯೇ, ನಿಮ್ಮ ಹೆಸರಿನ ಕರಾರುಗಳು ಆಗಿವೆಯೇ ಎಂದು ಕೇಳಿರಿ. ಕೇಳುವುದು ನಿಮ್ಮ ಹಕ್ಕು.

ಲಸಿಕೆಯನ್ನು ಮರೆಯಬಾರದು. ಮಿದುಳು ಪೊರೆಯ ಉರಿಯೂತದ ವಿರುದ್ಧ ಲಸಿಕೆಯು ಹಜ್ ಹಾಗೂ ಉಮ್ರಾ ಯಾತ್ರಿಕರಿಗೆ ಕಡ್ಡಾಯ. ಅದನ್ನು ಸೌದಿ ತಲುಪುವ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಂಡಿರಬೇಕು. ಪ್ರಮಾಣಪತ್ರವನ್ನು ಪಾಸ್‌ಪೋರ್ಟಿನ ಜೊತೆಯೇ ಇರಿಸಿಕೊಳ್ಳಿರಿ.

ಪೆಟ್ಟಿಗೆಯೊಳಗೆ ಏನಿದೆ?

ಪ್ರವೇಶದ ನಿಯಮ ಕಾಗದಕ್ಕೆ ಮಾತ್ರ ಸೀಮಿತವಲ್ಲ. ನಮ್ಮ ಕಡೆಯ ಅಡುಗೆಮನೆಗಳಲ್ಲಿ ಖಸಖಸಿ ಸಾಮಾನ್ಯ ವಸ್ತು. ಮಸಾಲೆಯಲ್ಲೂ ಸಿಹಿಯಲ್ಲೂ ಬೀಳುತ್ತದೆ. ಆದರೆ ಅದು ಅಫೀಮಿನ ಗಿಡದ ಬೀಜವಾದುದರಿಂದ ಯುಎಇ, ಸೌದಿ ಅರೇಬಿಯಾಗಳಲ್ಲಿ ನಿಷಿದ್ಧ. ತಾಯಿ ಪ್ರೀತಿಯಿಂದ ಕಟ್ಟಿಕೊಟ್ಟ ಮಸಾಲೆಯ ಪೊಟ್ಟಣವೇ ಮಗನನ್ನು ಠಾಣೆಗೆ ಒಯ್ಯಬಹುದು. ನೋವಿನ, ನಿದ್ರೆಯ ಕೆಲವು ಮಾತ್ರೆಗಳಿಗೂ ಅಲ್ಲಿ ಕಟ್ಟುನಿಟ್ಟಿದೆ. ಔಷಧಿ ಬೇಕಾದವರು ವೈದ್ಯರ ಚೀಟಿಯನ್ನು ಜೊತೆಗೆ ಒಯ್ಯಿರಿ, ಆ ಔಷಧಿಗೆ ಮೊದಲೇ ಅನುಮತಿ ಬೇಕೇ ಎಂದು ವಿಚಾರಿಸಿರಿ.

ಪರರ ಪೊಟ್ಟಣದ ವಿಷಯದಲ್ಲಂತೂ ಸಂಕೋಚ ಬೇಡವೇ ಬೇಡ. 2019ರಲ್ಲಿ ಮುಂಬೈಯ ಯುವ ದಂಪತಿಗಳು ಕತಾರ್‌ಗೆ ಹೊರಟಾಗ ಬಂಧುವೊಬ್ಬರು ಕೊಟ್ಟ ಪೊಟ್ಟಣವನ್ನು ಒಯ್ದರು. ಅದರೊಳಗೆ ಮಾದಕ ವಸ್ತುವಿತ್ತು. ಇಬ್ಬರಿಗೂ 10 ವರ್ಷಗಳ ಸಜೆಯಾಯಿತು. ಗರ್ಭಿಣಿಯಾಗಿದ್ದ ಆಕೆ ಸೆರೆಮನೆಯಲ್ಲಿದ್ದಾಗಲೇ ಮಗುವಿಗೆ ಜನ್ಮವಿತ್ತಳು. ಅವರು ನಿರಪರಾಧಿಗಳೆಂದು ಸಾಬೀತಾಗಿ 2021ರಲ್ಲಿ ಮರಳುವಾಗ ಸುಮಾರು ಎರಡು ವರ್ಷಗಳು ಕಳೆದಿದ್ದವು. ಅಮಾನತ್ತನ್ನು ಕಾಪಾಡುವುದು ನಮ್ಮ ಕರ್ತವ್ಯ, ನಿಜ. ಆದರೆ ಏನೆಂದು ತಿಳಿಯದ ವಸ್ತುವನ್ನು ಅಮಾನತ್ತಾಗಿ ಸ್ವೀಕರಿಸಬೇಕೆಂದು ಯಾರೂ ನಮಗೆ ಕಡ್ಡಾಯಗೊಳಿಸಿಲ್ಲ. "ಬಿಚ್ಚಿ ತೋರಿಸಿದರೆ ಒಯ್ಯುತ್ತೇನೆ" ಎಂದು ಸೌಜನ್ಯದಿಂದ ಹೇಳಿರಿ.

ಹೊರಡುವ ಮುನ್ನ

ಪಾಸ್‌ಪೋರ್ಟ್, ವೀಸಾ, ಕರಾರು, ಟಿಕೆಟ್, ಲಸಿಕೆಯ ಪತ್ರಗಳ ಒಂದು ಪ್ರತಿಯನ್ನು ಮನೆಯಲ್ಲಿ ಬಿಟ್ಟು ಹೋಗಿರಿ. ಮಾಲೀಕನ ಹೆಸರು, ವಿಳಾಸ, ಆ ನಾಡಿನ ಭಾರತೀಯ ರಾಯಭಾರ ಕಚೇರಿಯ ದೂರವಾಣಿ ಸಂಖ್ಯೆಗಳನ್ನು ತಾಯಿಗೋ ಹೆಂಡತಿಗೋ ಬರೆದುಕೊಡಿರಿ. ಸಂಕಟ ಬಂದಾಗ ಓಡಾಡಬೇಕಾದವರು ಅವರೇ. ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು ಎಂಬುದನ್ನು ಬರೆದಿಡಿರಿ. ವಸಿಯ್ಯತ್ ಬರೆದಿಡಬೇಕಾದ ವಿಷಯವುಳ್ಳವನು ಅದನ್ನು ಬರೆಯದೆ ರಾತ್ರಿಗಳನ್ನು ಕಳೆಯಬಾರದೆಂಬುದು ಪ್ರವಾದಿವರ್ಯರ(ಸ) ಉಪದೇಶದ ಸಾರ. ಪ್ರಯಾಣಿಕನಿಗೆ ಇದು ಇನ್ನಷ್ಟು ಅನ್ವಯಿಸುತ್ತದೆ. ನಿಯಮಗಳು ವರ್ಷವರ್ಷಕ್ಕೂ ಬದಲಾಗುತ್ತವೆ. ಹೋದ ವರ್ಷ ಹೋಗಿಬಂದವರ ಅನುಭವವನ್ನು ಕೇಳಿರಿ, ಆದರೆ ಈ ವರ್ಷದ ನಿಯಮವನ್ನು ಸಂಬಂಧಪಟ್ಟ ಕಚೇರಿಯಿಂದಲೇ ತಿಳಿದುಕೊಳ್ಳಿರಿ.

ಇನ್ನು ಆರಂಭದಲ್ಲಿ ಕಂಡ ಆ ಮನೆಗೆ ಮರಳೋಣ. ಮಗಳು ಕಾಗದವನ್ನು ಓದಿ ಹೇಳಿದಾಗ ಆ ತಂದೆ ಏನು ಮಾಡಬೇಕಾಗಿತ್ತು? ಮರುದಿನದ ಪ್ರಯಾಣವನ್ನು ನಿಲ್ಲಿಸಿ, ಏಜೆಂಟನನ್ನು ಕರೆಸಿ, ಕೆಲಸದ ವೀಸಾ ಎಲ್ಲಿ ಎಂದು ಕೇಳಬೇಕಾಗಿತ್ತು. ಟಿಕೆಟಿನ ಹಣ ಹೋಗಬಹುದು, ನಾಲ್ಕು ಜನ ನಗಬಹುದು. ಹುದೈಬಿಯಾದಿಂದ ಕಅಬಾವನ್ನು ಕಾಣದೆ ಹಿಂದಿರುಗಿದವರು ಸೋತವರೆಂದು ಅಂದೂ ಕೆಲವರಿಗೆ ಅನಿಸಿತ್ತು. ಆದರೆ ಅಲ್ಲಾಹನು ಅದನ್ನೇ ಸ್ಪಷ್ಟ ವಿಜಯವೆಂದು ಕರೆದನು. ಸರಿಯಾದ ಕಾಗದ ಬರುವವರೆಗೆ ತಡೆದು ನಿಂತ ಮನೆಯೂ ಸೋತ ಮನೆಯಲ್ಲ.

ಮನೆಯಲ್ಲಿ ಕುಳಿತು ಚರ್ಚಿಸಿರಿ: ನಮ್ಮ ಮನೆಯ ಪಾಸ್‌ಪೋರ್ಟುಗಳಲ್ಲಿ ಹೆಸರುಗಳು ಸರಿಯಾಗಿವೆಯೇ, ಅವಧಿ ಎಷ್ಟು ಉಳಿದಿದೆ? ಪರದೇಶದಲ್ಲಿರುವ ನಮ್ಮವರು ಯಾವ ವೀಸಾದಲ್ಲಿದ್ದಾರೆ, ಅವರ ಕಾಗದಗಳ ಪ್ರತಿ ನಮ್ಮಲ್ಲಿದೆಯೇ? ನಮ್ಮ ಮೊಹಲ್ಲಾದಲ್ಲಿ ಓದಲು ಬಾರದವರಿಗೆ ವೀಸಾವನ್ನು ಓದಿ ಹೇಳುವ ಹೊಣೆಯನ್ನು ಯಾರು ವಹಿಸಿಕೊಳ್ಳಬಹುದು?

ಮಾತಿಗೆ ತಪ್ಪದೆ ಹೊರಡುವ, ಹಲಾಲಿನೊಂದಿಗೆ ಮರಳುವ ಸೌಭಾಗ್ಯವನ್ನು ಅಲ್ಲಾಹನು ನಮ್ಮೆಲ್ಲ ಪ್ರಯಾಣಿಕರಿಗೆ ಕರುಣಿಸಲಿ. ಆಮೀನ್.